ತಂಡ ಬಿಚ್ಚಿ ಕಟ್ಟಿದ ಬೇಸಿಗೆ

ತೊಂಬತ್ತರ ದಶಕದ ಹೆಚ್ಚಿನ ಭಾಗ ನಾನು ದೋಹಾದ ಒಂದು ಕ್ರೀಡಾ ಕ್ಲಬ್ಬಿನ ಕಚೇರಿಯಲ್ಲಿ ಕೆಲಸ ಮಾಡಿದೆ. ಬ್ಯಾಸ್ಕೆಟ್‌ಬಾಲ್ ವಿಭಾಗದ ಪತ್ರವ್ಯವಹಾರ, ಆಟಗಾರರ ವೀಸಾ, ವಿಮಾನದ ಟಿಕೆಟ್ಟು, ಹೊರಗಿನಿಂದ ಬಂದವರಿಗೆ ಮನೆ ಹುಡುಕಿಕೊಡುವುದು, ಇವು ನನ್ನ ಪಾಲಿನವು. ಮಂಡ್ಯದವನಾದ್ದರಿಂದ ಆಟ ಗೊತ್ತಿತ್ತು. ನಮ್ಮ ಕಡೆ ಸಂಜೆಯಾದರೆ ನಾವು ಹುಡುಗರು ಸಿಮೆಂಟು ಅಂಕಣಕ್ಕೆ ಹೋಗಿ ಕತ್ತಲಾಗುವವರೆಗೆ ಬುಟ್ಟಿಗೆ ಚೆಂಡು ಎಸೆಯುತ್ತಿದ್ದೆವು. ನಾನು ರಾಜ್ಯ ತಂಡದ ಶಿಬಿರದವರೆಗೆ ಹೋಗಿದ್ದೆ. ಕೊನೆಯ ದಿನ ಆಯ್ಕೆಯಾದವರಿಗೆ ತಂಡದ ಬನಿಯನ್ನು ಹಂಚುವಾಗ ನನ್ನನ್ನು ಕರೆಯಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ. ಕೇಳುವ ರೂಢಿಯೂ ಆಗ ಇರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ದೋಹಾದಲ್ಲಿ ಕೆಲಸಕ್ಕೆ ಸೇರುವಾಗ ಈ ಸಂಗತಿ ಯಾರಿಗೂ ಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಇಂಗ್ಲಿಷು ಮತ್ತು ಟೈಪಿಂಗು.

ಪಂದ್ಯಗಳು ನಡೆಯುವ ತಿಂಗಳುಗಳಲ್ಲಿ ನನಗೆ ಅಂಥ ಕೆಲಸವಿರುತ್ತಿರಲಿಲ್ಲ. ಪಂದ್ಯಗಳು ಮುಗಿದು, ಕಾರಿನ ಬಾಗಿಲಿನ ಹಿಡಿ ಮುಟ್ಟಲಾಗದಷ್ಟು ಬಿಸಿಲು ಏರಿ, ಊರಿನ ದೊಡ್ಡವರೆಲ್ಲ ಲಂಡನ್ನು, ಕೈರೋ ಎಂದು ಹೊರಡತೊಡಗಿದಾಗ ಫ್ಯಾಕ್ಸ್ ಯಂತ್ರಕ್ಕೂ ನನಗೂ ಬಿಡುವು ಸಿಗುತ್ತಿರಲಿಲ್ಲ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ತರಬೇಕು ಎಂಬುದೆಲ್ಲ ತೀರ್ಮಾನವಾಗುತ್ತಿದ್ದದ್ದು ಆ ತಿಂಗಳುಗಳಲ್ಲಿ.

ನಾನು ಹೇಳಹೊರಟಿರುವ ಬೇಸಿಗೆಯ ಹೊತ್ತಿಗೆ ನಮ್ಮ ತಂಡ ಗೆಲ್ಲುವುದನ್ನು ಮರೆತು ಕೆಲವು ವರ್ಷಗಳಾಗಿದ್ದವು. ತೀರಾ ಕೆಳಗೂ ಇರಲಿಲ್ಲ, ಮೇಲಕ್ಕೂ ಹೋಗುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥರು ಒಬ್ಬ ಕತಾರಿ ವ್ಯಾಪಾರಿ. ನಾವೆಲ್ಲ ಅವರನ್ನು ಮುದೀರ್ ಎಂದು ಕರೆಯುತ್ತಿದ್ದೆವು. ಅರಬ್ಬಿಯಲ್ಲಿ ಯಜಮಾನರು ಎಂದಂತೆ. ಅವರು ಒಬ್ಬ ಹೊಸ ಕೋಚ್‌ನನ್ನು ಕರೆಸಿದರು. ಯುಗೊಸ್ಲಾವಿಯಾದವರು, ದೇಶ ಒಡೆದ ಮೇಲೆ ಹೊರಗೆ ಬಂದು ಬೇರೆ ಬೇರೆ ಊರುಗಳಲ್ಲಿ ತರಬೇತಿ ಕೊಟ್ಟವರು. ದಪ್ಪ ಕನ್ನಡಕ, ಬಾಗಿದ ಬೆನ್ನು. ಬಂದವರೇ ಮೀಟಿಂಗ್ ಕೋಣೆಯ ಪರದೆ ಎಳೆದು, ಹಿಂದಿನ ವರ್ಷದ ಪಂದ್ಯಗಳ ಟೇಪುಗಳನ್ನು ಒಂದಾದ ಮೇಲೊಂದು ನೋಡಿದರು. ಎಲ್ಲ ಮುಗಿದ ಮೇಲೆ ಮುದೀರ್ ಅವರ ಮುಂದೆ ಕೂತು ಹೇಳಿದರು:

"ಇದು ವಯಸ್ಸಾದ ತಂಡ. ರಿಪೇರಿ ಆಗುವುದಿಲ್ಲ. ಬಿಚ್ಚಿ ಕಟ್ಟಬೇಕು. ಹಳಬರು ನಾಲ್ವರನ್ನು ಬಿಡಿ, ಜೂನಿಯರ್ ತಂಡದ ಹುಡುಗರನ್ನು ಮೇಲಕ್ಕೆ ತನ್ನಿ. ಹೊರಗಿನಿಂದ ಒಬ್ಬ ಒಳ್ಳೆಯ ಸೆಂಟರ್ ಸಾಕು. ಒಂದು ವರ್ಷ ಸೋಲುತ್ತೇವೆ. ಆಮೇಲೆ ನೋಡಿ."

"ಸೋಲುವುದಕ್ಕೆ ನಾನು ಯಾಕೆ ಕೋಚ್ ತರಬೇಕು? ಸೋಲು ಹಾಗೆಯೇ ಸಿಗುತ್ತಿತ್ತು," ಎಂದರು ಮುದೀರ್. ಆದರೂ ಒಪ್ಪಿದರು. ಹೊಸದಾಗಿ ಕಟ್ಟುವುದು ಎಂಬ ಮಾತು ಅವರಿಗೆ ಹಿಡಿಸಿರಬೇಕು. ಕಟ್ಟಡಗಳ ವ್ಯಾಪಾರ ಅವರದು.

ಮೊದಲು ಸೆಂಟರ್‌ನ ಹುಡುಕಾಟ. ಸೆಂಟರ್ ಎಂದರೆ ಬುಟ್ಟಿಯ ಕೆಳಗೆ ನಿಂತು ಚೆಂಡು ಹಿಡಿಯುವ, ಎಲ್ಲರಿಗಿಂತ ಎತ್ತರದ ಆಟಗಾರ. ಅಮೆರಿಕದ ಏಜೆಂಟರು ವಿಡಿಯೊ ಟೇಪುಗಳನ್ನು ಕೊರಿಯರ್‌ನಲ್ಲಿ ಕಳಿಸಿದರು. ಅವು ನಮ್ಮ ಕ್ಲಬ್ಬಿನ ವಿಸಿಆರ್‌ನಲ್ಲಿ ಓಡಲಿಲ್ಲ. ಅಲ್ಲಿಯ ಟೇಪೇ ಬೇರೆ ಬಗೆಯದು, ಪರದೆಯ ಮೇಲೆ ಬರೀ ಗೆರೆಗಳು ಉರುಳಿದವು. ಎಲ್ಲ ಬಗೆಯ ಟೇಪು ಓಡಿಸುವ ಯಂತ್ರ ಇದ್ದದ್ದು ನಮ್ಮ ಅಕೌಂಟೆಂಟರ ಮನೆಯಲ್ಲಿ. ಮಂಗಳೂರಿನ ಕಡೆಯವರು, ಮನೆಯಲ್ಲಿ ತುಳು. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ನಾವಿದ್ದ ಕಟ್ಟಡದಲ್ಲೇ, ನಮ್ಮ ಮೇಲಿನ ಮಹಡಿಯಲ್ಲಿ ಅವರ ಮನೆ. ಹಾಗಾಗಿ ಒಂದು ಶುಕ್ರವಾರ ಸಂಜೆ ಮುದೀರ್, ಕೋಚ್, ನಾನು, ಮೂವರೂ ಅಲ್ಲಿಗೆ ಹೋದೆವು. ಅಕೌಂಟೆಂಟರ ಹೆಂಡತಿ ಗೋಳಿಬಜೆ ಮಾಡಿದ್ದರು. ಮುದೀರ್ ಬಿಳಿ ನಿಲುವಂಗಿ ಸರಿಪಡಿಸಿಕೊಂಡು ಸೋಫಾದಲ್ಲಿ ಕೂತು, ಚಟ್ನಿಯಲ್ಲಿ ಅದ್ದಿ ಅದ್ದಿ ತಿಂದರು.

ಒಂದು ಟೇಪಿನಲ್ಲಿ ಭಾರೀ ಆಳು, ಜಿಗಿದು ಬುಟ್ಟಿಗೆ ಜೋತುಬೀಳುತ್ತಿದ್ದ. ಮುದೀರ್ "ಇವನೇ ಇರಲಿ, ಖಲಾಸ್," ಎಂದರು. ಕೋಚ್ ಇನ್ನೊಂದನ್ನು ಹಾಕಿಸಿದರು. ಅದರಲ್ಲಿದ್ದವನು ಅಷ್ಟೇನೂ ಜಿಗಿಯುತ್ತಿರಲಿಲ್ಲ. ಎರಡು ಸಲ ಸುಲಭದ ಗುರಿಯನ್ನೇ ತಪ್ಪಿದ. ಕೋಚ್ ಅಲ್ಲಿಗೇ ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದರು.

"ಟೇಪಿನಲ್ಲಿ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ. ತಪ್ಪಿದ ಮೇಲೆ ಇವನು ಏನು ಮಾಡುತ್ತಾನೆ ನೋಡಿ. ತಲೆ ಹಿಡಿದುಕೊಂಡು ನಿಲ್ಲುವುದಿಲ್ಲ. ಎಲ್ಲರಿಗಿಂತ ಮೊದಲು ತಿರುಗಿ ಓಡುತ್ತಾನೆ. ನಮ್ಮದು ಹುಡುಗರ ತಂಡ, ತುಂಬಾ ತಪ್ಪುತ್ತದೆ. ಓಡುವವನು ಬೇಕು."

ಮುದೀರ್ ಅರೆಮನಸ್ಸಿನಿಂದ ಒಪ್ಪಿದರು. ಅವರಿಬ್ಬರೂ ಹೋದ ಮೇಲೆ ಅಕೌಂಟೆಂಟರು ಖಾಲಿ ತಟ್ಟೆ ಎತ್ತುತ್ತಾ, "ಹೆಣ್ಣು ನೋಡ್ಲಿಕ್ಕೆ ಬಂದ ಹಾಗೇ ಆಯ್ತಲ್ಲ ಮಾರಾಯ್ರೇ. ತಿಂಡಿ ಸಹ ಆಯ್ತು," ಎಂದರು.

ತರುವುದು ಸುಲಭವಾಗಿತ್ತು. ಬಿಡುವುದು ಕಷ್ಟವಾಯಿತು. ಹಳಬರಲ್ಲಿ ಮೂವರಿಗೆ ಮುದೀರ್ ಫೋನಿನಲ್ಲೇ ಹೇಳಿ ಮುಗಿಸಿದರು. ಎಲ್ಲರಿಗೂ ಬೇರೆ ನೌಕರಿಗಳಿದ್ದವು. ಅವರೂ ದಣಿದಿದ್ದರೋ ಏನೋ, ಹೆಚ್ಚು ಮಾತಾಡಲಿಲ್ಲ. ಉಳಿದ ನಾಲ್ಕನೆಯವರು ತಂಡದ ಕ್ಯಾಪ್ಟನ್. ಚಿಕ್ಕಂದಿನಿಂದ ಇದೇ ಕ್ಲಬ್ಬಿನಲ್ಲಿ ಆಡಿದವರು, ಅಂಕಣದಲ್ಲಿ ಚೆಂಡು ನಡೆಸುವವರು. ಬೆಳಿಗ್ಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ, ಅಲ್ ಅಜೀಜಿಯಾದಲ್ಲಿ ಮನೆ. ಅವರ ತಂದೆಗೂ ಮುದೀರ್ ಅವರ ತಂದೆಗೂ ಹಳೆಯ ಸ್ನೇಹ. ಮುದೀರ್, "ಕೋಚ್ ಹೇಳಲಿ," ಎಂದರು. ಕೋಚ್, "ನಾನು ಹೊಸಬ, ಮುಖ್ಯಸ್ಥರು ಹೇಳುವುದು ಸರಿ," ಎಂದರು. ಈ ಮಾತು ಇತ್ಯರ್ಥವಾಗುವ ಮೊದಲೇ ಮುದೀರ್ ಪ್ರತಿವರ್ಷದಂತೆ ಲಂಡನ್ನಿಗೆ ಹೊರಟುಹೋದರು.

ಕ್ಯಾಪ್ಟನ್ ಮಾತ್ರ ದಿನಾ ಸಂಜೆ ಕಚೇರಿಗೆ ಬರುತ್ತಿದ್ದರು. ಏಸಿಯ ಎದುರಿನ ಕುರ್ಚಿಯಲ್ಲಿ ಕೂರುವರು. ತಂದೆಯ ಅಂಗಡಿಯಲ್ಲಿದ್ದ ಬೊಂಬಾಯಿಯವರಿಂದ ಕಲಿತ ಹಿಂದಿಯಲ್ಲೇ ನನ್ನೊಡನೆ ಮಾತು. ಚಹಾ ಬರುವುದು. "ಏನಾದರೂ ಸುದ್ದಿ ಇದೆಯಾ, ಸದೀಕ್?" ಎಂದು ಕೇಳುವರು. ಸದೀಕ್ ಎಂದರೆ ಗೆಳೆಯ.

"ಮಾಫಿ," ಎನ್ನುತ್ತಿದ್ದೆ. ಏನೂ ಇಲ್ಲ.

ಹೀಗೆ ಸಾಕಷ್ಟು ದಿನ ನಡೆದ ಮೇಲೆ ನಾನೇ ಕೋಚ್ ಬಳಿ ಹೋಗಿ, "ಹೇಳಿಬಿಡಿ ಸರ್. ಹೇಳದೆ ಬಿಡುವುದು ಕೆಟ್ಟದ್ದು," ಎಂದೆ.

"ನಿನಗೆ ಹೇಗೆ ಗೊತ್ತು?"

ಶಿಬಿರದಲ್ಲಿ ಬನಿಯನ್ನು ಹಂಚಿದ ದಿನದ ಬಗ್ಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಯಾವ ಜಾಗದಲ್ಲಿ ಆಡುತ್ತಿದ್ದೆ?" ಎಂದರು. ಗಾರ್ಡ್ ಎಂದೆ, ಚೆಂಡು ನಡೆಸುವ ಜಾಗ. ನನ್ನ ಎತ್ತರವನ್ನು ಒಮ್ಮೆ ಕಣ್ಣಲ್ಲೇ ಅಳೆದು, ಆಯ್ಕೆ ಮಾಡಿದವರದು ತಪ್ಪಿರಲಾರದು ಎಂಬಂತೆ ತಲೆಯಾಡಿಸಿದರು. ಆಮೇಲೆ, "ನಾಳೆ ಹೇಳುತ್ತೇನೆ. ನೀನೂ ಬಾ. ನನ್ನ ಇಂಗ್ಲಿಷ್ ಅವರಿಗೆ ತಿಳಿಯುವುದಿಲ್ಲ," ಎಂದರು.

ಮರುದಿನ ಸಂಜೆ ಒಳಾಂಗಣದಲ್ಲಿ, ಖಾಲಿ ಬೆಂಚುಗಳ ಮೇಲೆ ಮೂವರೂ ಕೂತೆವು. ಕೋಚ್ ಸುತ್ತಿಬಳಸಲಿಲ್ಲ. "ಈ ವರ್ಷ ನಿಮ್ಮನ್ನು ಇಟ್ಟುಕೊಂಡರೆ ನಾವು ಇನ್ನೂ ಕೆಲವು ಪಂದ್ಯ ಗೆಲ್ಲುತ್ತೇವೆ. ಆದರೆ ಮುಂದಿನ ವರ್ಷವೂ ಇದೇ ಮಾತು ಆಡಬೇಕಾಗುತ್ತದೆ. ಅದಕ್ಕೆ ಈಗಲೇ ಬಿಡುತ್ತಿದ್ದೇನೆ. ತೀರ್ಮಾನ ನನ್ನದು." ನಾನು ಅದನ್ನು ಹಿಂದಿಗೆ ತಂದೆ. ನನ್ನ ಬಾಯಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿತು. ಮೆತ್ತಗೆ ಹೇಳುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ.

ಕ್ಯಾಪ್ಟನ್ ನನ್ನ ಕಡೆ ತಿರುಗಿ, "ನನಗೆ ಗೊತ್ತಿತ್ತು. ನಾನು ಕೇಳದೆಯೇ ನನ್ನ ಚಹಾದ ಜೊತೆ ನೀವು ಬಿಸ್ಕತ್ತು ತರಿಸತೊಡಗಿದಾಗಲೇ ಗೊತ್ತಾಯಿತು," ಎಂದರು. ಕೋಚ್ ಏನೆಂದು ಕೇಳಿದರು. ಅನುವಾದಿಸಿದೆ. ಅವರು ಮೊದಲ ಸಲ ನಕ್ಕಿದ್ದನ್ನು ಆಗ ನೋಡಿದೆ.

"ಬೇಸಿಗೆಯಲ್ಲಿ ಹುಡುಗರಿಗೆ ಎದುರಾಳಿ ಯಾರು?" ಎಂದು ಕ್ಯಾಪ್ಟನ್ ಕೇಳಿದರು. "ಎಲ್ಲ ಕ್ಲಬ್ಬುಗಳೂ ಬಾಗಿಲು ಹಾಕಿವೆ. ನಾವು ನಾಲ್ವರು ಬರುತ್ತೇವೆ. ಐದನೆಯವನನ್ನು ನಾನು ಹುಡುಕುತ್ತೇನೆ."

ತಂಡದಿಂದ ಹೊರಗಾದವರು ಹೀಗೆ ಹೊಸ ತಂಡದ ಮೇಲೆ ಆಡಲು ಬಂದರು. ಐದನೆಯವರು ಕ್ಯಾಪ್ಟನ್ ಅವರ ಭಾವಮೈದುನ, ಹೊಟ್ಟೆ ಇದ್ದವರು. ಆದರೂ ಹುಡುಗರು ದಿನಾ ಸೋತರು. ಕ್ಯಾಪ್ಟನ್ ಅವರ ಜಾಗಕ್ಕೆಂದು ಕೋಚ್ ಆರಿಸಿದ್ದ ತೆಳ್ಳಗಿನ ಹುಡುಗನ ಕೈಯಿಂದಂತೂ ಅವರು ಚೆಂಡನ್ನು ಮತ್ತೆ ಮತ್ತೆ ಕಿತ್ತುಕೊಂಡರು. ಬುದ್ಧಿಮಾತು ಹೇಳಿದ್ದು ನನಗೆ ನೆನಪಿಲ್ಲ. ಕಿತ್ತುಕೊಳ್ಳುವರು, ಬುಟ್ಟಿಗೆ ಹಾಕುವರು, ಚೆಂಡನ್ನು ತಿರುಗಿ ಅವನ ಕೈಗೇ ಕೊಡುವರು. ಕೋಚ್ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಈ ನಡುವೆ ಅಮೆರಿಕದ ಸೆಂಟರ್ ಬಂದಿಳಿದ. ಅವನನ್ನು ನೋಡಿ ಭಾವಮೈದುನ ಇನ್ನು ತಾನು ಬರುವುದಿಲ್ಲವೆಂದರು. ಮರುದಿನ ಮತ್ತೆ ಬಂದರು.

ಸೆಪ್ಟೆಂಬರಿನಲ್ಲಿ ಮುದೀರ್ ಲಂಡನ್ನಿಂದ ಮರಳಿ ನೇರವಾಗಿ ಅಭ್ಯಾಸ ನೋಡಲು ಬಂದರು. ಆ ದಿನವೂ ಹಳಬರೇ ಗೆದ್ದರು. ಮುದೀರ್ ನನ್ನ ಮೇಜಿನ ಬಳಿ ಬಂದು, "ಯಲ್ಲಾ, ಬೇಗ ಹಳಬರಿಗೆ ಹೊಸ ಕರಾರು ಟೈಪ್ ಮಾಡು. ಗೆಲ್ಲುವವರನ್ನು ಹೊರಗಿಟ್ಟು ಸೋಲುವವರಿಗೆ ಬನಿಯನ್ನು ಕೊಡುವ ಹುಚ್ಚು ಯಾರಿಗಿದೆ," ಎಂದರು. ಕೋಚ್ ಬಾಗಿಲಲ್ಲೇ ನಿಂತು, "ಹಾಗಾದರೆ ನನ್ನ ಟಿಕೆಟ್ಟನ್ನೂ ಮಾಡಿಸು," ಎಂದು ನನಗೇ ಹೇಳಿದರು. ನಾನು ಯಾವುದನ್ನೂ ಮಾಡದೆ ಕ್ಯಾಪ್ಟನ್ ಅವರನ್ನು ಕರೆದುಕೊಂಡು ಬಂದೆ.

ಅವರು ಬೆವರು ಒರೆಸಿಕೊಳ್ಳುತ್ತಾ ಬಂದು ಕೂತರು. ಮುದೀರ್ ಅರಬ್ಬಿಯಲ್ಲಿ ಮಾತಾಡಿದರು. ಅಷ್ಟು ಹೊತ್ತಿಗೆ ನನಗೆ ತಿಳಿಯುವಷ್ಟು ಅರಬ್ಬಿ ಬರುತ್ತಿತ್ತು. ಕ್ಯಾಪ್ಟನ್ ನಿಧಾನವಾಗಿ ಹೇಳಿದರು:

"ಇಲ್ಲಿ ಗೆಲ್ಲುವುದು ಬೇರೆ. ದಣಿವಾದರೆ ನಿಲ್ಲಿಸಿ ನೀರು ಕುಡಿಯುತ್ತೇವೆ. ಪಂದ್ಯದಲ್ಲಿ ನಿಲ್ಲಿಸುವವರು ಯಾರು? ಇನ್ನೂ ಒಂದು ವಿಷಯ. ನಾನು ಅಂಕಣದಲ್ಲಿದ್ದರೆ ಆ ಹುಡುಗ ಕಷ್ಟ ಬಂದಾಗಲೆಲ್ಲ ಚೆಂಡನ್ನು ನನಗೆ ಕೊಡುತ್ತಾನೆ. ಬೆಂಚಿನಲ್ಲಿದ್ದರೂ ನನ್ನ ಕಡೆ ನೋಡುತ್ತಾನೆ. ಅವನು ಆಟ ಕಲಿಯುವುದು ಯಾವಾಗ?"

"ಕ್ಲಬ್ಬು ಕರೆದರೆ ಬರುವುದಿಲ್ಲ ಅನ್ನುತ್ತೀಯಾ?"

"ಕ್ಲಬ್ಬು ಒಂದು ಸಲ ಸರಿಯಾಗಿ ಯೋಚಿಸಿದೆ. ಅದನ್ನು ಕೆಡಿಸಲು ನನ್ನನ್ನು ಕರೆಯಬೇಡಿ."

ಮುದೀರ್ ಎದ್ದು ಹೋದರು. ಕರಾರಿನ ಮಾತು ಮತ್ತೆ ಬರಲಿಲ್ಲ. ಕ್ಯಾಪ್ಟನ್ ಹೊರಗೆ ಹೋಗಿ ಕಾರಿನಲ್ಲಿ ತುಂಬಾ ಹೊತ್ತು ಕೂತಿದ್ದನ್ನು ಕಿಟಕಿಯಿಂದ ಕಂಡೆ. ಇಂಜಿನ್ ಓಡುತ್ತಿತ್ತು, ಕಾರು ಕದಲಲಿಲ್ಲ. ಆಮೇಲೆ ಹೊರಟುಹೋದರು. ಅಭ್ಯಾಸಕ್ಕೆ ಮತ್ತೆ ಬರಲಿಲ್ಲ.

ಆ ವರ್ಷ ಕೋಚ್ ಹೇಳಿದಂತೆ ಸೋತೆವು. ಅವರು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಸೋತೆವು. ಹುಡುಗರು ಮೊದಲರ್ಧದಲ್ಲಿ ಮುಂದಿದ್ದು ಎರಡನೆಯ ಅರ್ಧದಲ್ಲಿ ಕೈಬಿಡುತ್ತಿದ್ದರು. ಅಮೆರಿಕದವನು ಪ್ರತಿ ತಪ್ಪಿನ ನಂತರವೂ ಎಲ್ಲರಿಗಿಂತ ಮೊದಲು ತಿರುಗಿ ಓಡಿದ. ಚಳಿಗಾಲದ ನಡುವೆ ಆಡಳಿತ ಮಂಡಳಿ ಕೋಚ್‌ಗೆ ಬೀಳ್ಕೊಡುಗೆ ಕೊಟ್ಟಿತು. ಟಿಕೆಟ್ಟು ಮಾಡಿಸಿದವನು ನಾನು, ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದವನೂ ನಾನು.

"ಒಂದು ವರ್ಷ ಎಂದು ಕೇಳಿದ್ದೆ. ಅರ್ಧ ಕೊಟ್ಟರು," ಎಂದರು ದಾರಿಯಲ್ಲಿ. "ನಮ್ಮ ಕೆಲಸದಲ್ಲಿ ಅದು ಕಡಿಮೆಯೇನಲ್ಲ." ದೂರು ಎನ್ನಿಸುವ ಮಾತು ಅದೊಂದೇ. ಉಳಿದ ದಾರಿಯುದ್ದಕ್ಕೂ ಮಂಡ್ಯದ ಅಂಕಣ ಸಿಮೆಂಟಿನದಾದರೆ ಹುಡುಗರ ಮೊಣಕಾಲುಗಳು ಏನಾಗುತ್ತವೆ ಎಂದು ವಿಚಾರಿಸುತ್ತಿದ್ದರು.

ಹೊಸ ಕೋಚ್ ಈಜಿಪ್ಟಿನವರು. ಕೈಗೆ ಸಿಕ್ಕ ತಂಡವನ್ನು ಅವರು ಹೆಚ್ಚು ಅಲುಗಾಡಿಸಲಿಲ್ಲ. ಮರುವರ್ಷ ಅದೇ ಹುಡುಗರು ಕಪ್ ಗೆದ್ದರು. ಫೈನಲ್‌ನ ಕೊನೆಯಲ್ಲಿ ಚೆಂಡು ಆ ತೆಳ್ಳಗಿನ ಹುಡುಗನ ಕೈಯಲ್ಲಿತ್ತು. ಇಬ್ಬರು ಮುತ್ತಿದರೂ ಅವನು ಬಿಡಲಿಲ್ಲ. ಕ್ಯಾಪ್ಟನ್ ಮಕ್ಕಳೊಡನೆ ಪ್ರೇಕ್ಷಕರ ಸಾಲಿನಲ್ಲಿ ಕೂತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಿದ್ದರು. ಮುದೀರ್ ಕೆಳಗಿನಿಂದ ಕೈಬೀಸಿ ಕರೆದರು. ಅವರು ಎದೆಯ ಮೇಲೆ ಕೈಯಿಟ್ಟು ಕೂತಲ್ಲಿಂದಲೇ ವಂದಿಸಿದರು, ಇಳಿದು ಬರಲಿಲ್ಲ.

ಪತ್ರಿಕೆಯಲ್ಲಿ ಬಂದ ತಂಡದ ಚಿತ್ರವನ್ನು ಹಳೆಯ ಕೋಚ್‌ಗೆ ಫ್ಯಾಕ್ಸ್ ಮಾಡಿದೆ. ಆಗ ಅವರು ಸೈಪ್ರಸ್‌ನಲ್ಲಿದ್ದರು. ಉತ್ತರ ಬಂತು, ಎರಡೇ ಸಾಲು. ಚಿತ್ರ ಕಪ್ಪಾಗಿ ಬಂದಿದೆ, ಮುಖಗಳು ಕಾಣುವುದಿಲ್ಲ. ಸೆಂಟರ್‌ಗೆ ವಯಸ್ಸಾಗುತ್ತಿದೆ, ಇನ್ನೊಬ್ಬನನ್ನು ಈಗಲೇ ಹುಡುಕತೊಡಗಿ.

ಅದನ್ನು ಈಜಿಪ್ಟಿನ ಕೋಚ್‌ಗೆ ತೋರಿಸಿದೆ. ಓದಿ, "ನಾನೂ ಅದನ್ನೇ ಯೋಚಿಸುತ್ತಿದ್ದೆ," ಎಂದರು. ಆ ಬೇಸಿಗೆಯಲ್ಲಿ ಅಮೆರಿಕದವನನ್ನು ಬಿಟ್ಟರು. ಅವನು ಬೇಸರ ಮಾಡಿಕೊಳ್ಳಲಿಲ್ಲ. ತನ್ನ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಆಗಲೇ ನೋಡಿಕೊಂಡಿದ್ದ. ಹೊರಡುವಾಗ ಅವನ ಹೆಂಡತಿ ತಮ್ಮ ಮನೆಯ ವಾಷಿಂಗ್ ಮಷೀನನ್ನು ನಮಗೆ ಕೊಟ್ಟಳು. ನಾವು ದೋಹಾ ಬಿಡುವವರೆಗೂ ಅದು ಚೆನ್ನಾಗಿ ನಡೆಯಿತು.