ಅಜ್ಜಿಯ ಇನ್ನೊಂದು ತೊಡೆ

“ಅಳ್ಬೇಡ ಕಣವ್ವ, ಬಾ ಇಲ್ಲಿ. ನಂಗೆ ಎಲ್ಡು ತೊಡೆ ಅವೆ, ಒಂದು ಖಾಲಿನೇ ಅದೆ.”

ದಸರಾ ರಜೆ ಮುಗಿದ ವಾರ, ಮದ್ದೂರಿನ ನಮ್ಮ ಖಾಸಗಿ ಶಾಲೆಯಲ್ಲಿ ಅಜ್ಜ-ಅಜ್ಜಿಯರ ದಿನ. ಬೆಳಗಿನಿಂದ ಕುರ್ಚಿ ಹಾಕಿಸಿ, ಮಕ್ಕಳಿಗೆ ಬಣ್ಣ ಹಚ್ಚಿ, ಮೈಕು ಕೈಕೊಟ್ಟಿದ್ದರಿಂದ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಕೊನೆಯ ಸಾಲಿನಲ್ಲಿ ನನ್ನ ಮೂರನೇ ತರಗತಿಯ ಹುಡುಗಿಯೊಬ್ಬಳು ಒಂಟಿಯಾಗಿ ಕೂತು ಅಳುತ್ತಿದ್ದಳು. ಅವಳ ಅಜ್ಜಿ ರಜೆಯಲ್ಲೇ ತೀರಿಕೊಂಡಿದ್ದರು. ಸಮಾಧಾನ ಹೇಳಲು ನನ್ನಲ್ಲಿ ದನಿಯೇ ಉಳಿದಿರಲಿಲ್ಲ. ಅಷ್ಟರಲ್ಲಿ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ, ಹತ್ತಿರದ ಕೊಪ್ಪದ ಅಜ್ಜಿಯೊಬ್ಬರು ಅವಳನ್ನು ಹೀಗೆ ಕರೆದರು.

“ಇದು ನನ್ನಜ್ಜಿ” ಎಂದು ಮೊಮ್ಮಗ ತಕರಾರು ತೆಗೆದ. ಅಜ್ಜಿ ಅವನನ್ನು ಒಂದಿಷ್ಟು ಸರಿಸಿ ಅವಳನ್ನೂ ಕೂರಿಸಿಕೊಂಡರು. ಹಾಡು, ಕುಣಿತ ಮುಗಿಯುವಷ್ಟರಲ್ಲಿ ಹುಡುಗಿ ಅವರ ಸೆರಗು ಹಿಡಿದು ನಿದ್ದೆ ಹೋಗಿದ್ದಳು. ಕೊಪ್ಪದ ಬಸ್ಸಿಗೆ ಹೊತ್ತಾಯಿತೆಂದು ನಾನು ಎಬ್ಬಿಸಲು ಹೋದರೆ ಅಜ್ಜಿ ಕೈ ಅಡ್ಡ ಹಿಡಿದರು.

“ಮಲಗ್ಲಿ ಬುಡಿ ಮೇಡಂ. ಬಸ್ಸು ಇನ್ನೊಂದು ಬತ್ತದೆ.”

ಎಲ್ಲರೂ ಹೊರಟುಹೋದ ಮೇಲೆ ನಾನೂ ಅವರ ಪಕ್ಕದಲ್ಲಿ ಕೂತೆ. ಬೆಳಗಿನಿಂದ ನಾನು ಕೂತದ್ದು ಅದೇ ಮೊದಲು. ಮಗು ಎದ್ದು ಕಣ್ಣುಜ್ಜಿಕೊಳ್ಳುವವರೆಗೆ ಅಲ್ಲಿಂದ ಏಳಲಿಲ್ಲ.