ಮೂವತ್ತನಾಲ್ಕನೆಯ ಪದ್ಯ

ಯಾವ ಆಹ್ವಾನ ಪತ್ರಿಕೆಯಲ್ಲೂ ಅಚ್ಚಾಗದ ರೂಢಿಯೊಂದು ನಮ್ಮ ಕವಿಗೋಷ್ಠಿಗಳಲ್ಲಿದೆ. ಪದ್ಯ ಓದಿದವರು ಫೋಟೊ ತೆಗೆಸಿಕೊಂಡು, ಹೊದಿಸಿದ ಶಾಲು ಮಡಚಿ ಚೀಲಕ್ಕೆ ಹಾಕಿ, ಹಿಂಬಾಗಿಲಿನಿಂದ ಮೆಲ್ಲಗೆ ಜಾರಿಕೊಳ್ಳುತ್ತಾರೆ. ಕೊನೆಯಲ್ಲಿ ಓದುವವರ ಪಾಲಿಗೆ ಖಾಲಿ ಕುರ್ಚಿಗಳು. ಚಿಕ್ಕಲಸಂದ್ರದ ಅನ್ನಪೂರ್ಣಮ್ಮ ಇಪ್ಪತ್ತೆರಡು ವರ್ಷ ಆ ಕುರ್ಚಿಗಳಿಗೇ ಓದಿದವರು.

ಹೊಟ್ಟೆಪಾಡಿಗೆ ತಿಲಕ್ ನಗರದ ಪ್ರೆಸ್ಸೊಂದರಲ್ಲಿ ಮದುವೆ ಕಾರ್ಡುಗಳ ಪ್ರೂಫ್ ನೋಡುತ್ತಾರೆ. ಪದ್ಯ ಬರೆಯುವುದು ಬೆಳಿಗ್ಗೆ, ಕುಕ್ಕರ್ ಕೂಗುವ ಮುಂಚೆ. "ಚೆನ್ನಾಗಿತ್ತು ಮೇಡಂ" ಎಂಬ ಮಾತು ಬೇಕಾದಷ್ಟು ಸಿಕ್ಕಿದೆ. ಯಾವ ಸಾಲು ಚೆನ್ನಾಗಿತ್ತು ಎಂದು ಮಾತ್ರ ಒಬ್ಬ ಮಹಾನುಭಾವನೂ ಹೇಳಿಲ್ಲ. ಅರವತ್ತೊಂದು ದಾಟಿದರೂ ಆ ಆಸೆ ಹೋಗಿಲ್ಲ.

ಈ ನವೆಂಬರಿನಲ್ಲಿ ಬನಶಂಕರಿಯ ಸಂಘವೊಂದು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು. ಅಧ್ಯಕ್ಷರು ಎದ್ದು ಹೋಗುವಂತಿಲ್ಲ. ಮೂವತ್ತನಾಲ್ಕು ಜನರದ್ದೂ ಕೇಳಬೇಕು, ಮೂರು ನಿಮಿಷ ದಾಟಿದವರಿಗೆ ಬೆಲ್ ಒತ್ತಬೇಕು, ಎಲ್ಲ ಮುಗಿದ ಮೇಲೆ ತಮ್ಮದೊಂದು ಪದ್ಯ ಓದಬೇಕು. ಒಂಬತ್ತನೆಯವರ ತನಕ ಅನ್ನಪೂರ್ಣಮ್ಮ ಶ್ರದ್ಧೆಯಿಂದ ಟಿಪ್ಪಣಿ ಬರೆದುಕೊಂಡರು. ಇಪ್ಪತ್ತರ ಹೊತ್ತಿಗೆ ತಾಯಿ, ತಾಯ್ನಾಡು, ಕಾವೇರಿ ಎಲ್ಲ ತಲೆಯಲ್ಲಿ ಕಲಸುಮೇಲೋಗರವಾಯಿತು. ಸೊಂಟ ಹಿಡಿದುಕೊಂಡಿತು. ಕಟ್ಟಕಡೆಯ ಹುಡುಗಿ ಮೈಕಿನ ಮುಂದೆ ನಿಂತಾಗ ಅವರ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಮೂರು ನಿಮಿಷಕ್ಕೆ ಸರಿಯಾಗಿ ಬೆಲ್ ಒತ್ತಿದರು. ಹುಡುಗಿ ಹಾಳೆ ಮಡಚಿ ಇಳಿದು ಹೋದಳು.

ಸಂಘದ ಕಾರ್ಯದರ್ಶಿ ರವಿಕುಮಾರ್ ಕಿವಿಯ ಹತ್ತಿರ ಬಗ್ಗಿದರು. "ಮೇಡಂ, ಹಾಲ್ ಒಂದೂವರೆಗೆ ಬಿಟ್ಕೊಡ್ಬೇಕು. ನಾಮಕರಣದವ್ರು ಆಗ್ಲೇ ಬಂದಿದಾರೆ. ಎರಡೇ ಮಾತಾಡಿ ಮುಗಿಸ್ಬಿಡಿ."

ಎರಡು ಮಾತಿನಲ್ಲಿ ಅವರ ಪದ್ಯ ಹಿಡಿಯುತ್ತಿರಲಿಲ್ಲ. ಅದು ಚೀಲದಲ್ಲೇ ಉಳಿಯಿತು.

ಹೊರಗೆ ಮೆಟ್ಟಿಲ ಬಳಿ ಆ ಹುಡುಗಿ ಕಾಯುತ್ತಿದ್ದಳು. "ನಾನು ಸ್ಪಂದನಾ, ಮೇಡಂ. ಉತ್ತರಹಳ್ಳಿ. ಲಾಸ್ಟಲ್ಲಿ ಓದ್ದೆ. ಇದೇ ಫಸ್ಟ್ ಟೈಮ್. ಹೇಗಿತ್ತು?"

"ತುಂಬಾ ಚೆನ್ನಾಗಿತ್ತಮ್ಮ."

"ಯಾವ ಸಾಲು ಮೇಡಂ?"

ಒಂದೂ ನೆನಪಿರಲಿಲ್ಲ. ಇಂಥ ಫಜೀತಿಗೆಂದೇ ಅಧ್ಯಕ್ಷರುಗಳ ಬಳಿ ಒಂದು ಉತ್ತರ ತಯಾರಿರುತ್ತದೆ. ಅನ್ನಪೂರ್ಣಮ್ಮನೂ ಅದನ್ನೇ ಹೇಳಿದರು. "ಕೊನೇ ಸಾಲು ಕಣಮ್ಮ. ಎಷ್ಟು ಚೆನ್ನಾಗಿ ಮುಗಿಸ್ದೆ!"

"ಕೊನೇದು ನಾನು ಓದ್ಲೇ ಇಲ್ಲ ಮೇಡಂ. ನೀವು ಬೆಲ್ ಒತ್ತಿಬಿಟ್ರಿ."

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಹುಡುಗಿ ಸಂಕೋಚದಿಂದ ಅಂದಳು, ತಪ್ಪು ತನ್ನದೇ ಎಂಬಂತೆ. ಅನ್ನಪೂರ್ಣಮ್ಮನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಇಷ್ಟು ವರ್ಷ ಮನಸ್ಸಿನಲ್ಲೇ ಬೈದುಕೊಂಡ ಅಷ್ಟೂ ಅಧ್ಯಕ್ಷರ ಪಂಕ್ತಿಗೆ ಅವರೂ ಮೊದಲ ದಿನವೇ ಸೇರಿಬಿಟ್ಟಿದ್ದರು.

"ನಾನು ಕೇಳಿಸ್ಕೊಂಡೇ ಇಲ್ಲಮ್ಮ. ಸುಮ್ನೆ ಸುಳ್ಳು ಹೇಳ್ದೆ." ಸೊಂಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು. "ಈಗ ಓದು. ಪೂರ್ತಿ."

ನಾಮಕರಣದವರು ಬಲೂನು, ಪಾತ್ರೆ ಹೊತ್ತು ಪಕ್ಕದಲ್ಲೇ ಹತ್ತಿ ಇಳಿಯುತ್ತಿದ್ದರು. ಹುಡುಗಿ ಓದಿದಳು. ಕೆಲಸಕ್ಕೆ ಹೊರಡುವ ಅವಳಮ್ಮನ ಮೇಲಿನ ಪದ್ಯ, ಇನ್ನೂ ಹದಕ್ಕೆ ಬರಬೇಕಾದದ್ದು. ಚಿಕ್ಕಲಸಂದ್ರದ ಬಸ್ಸು ಬಂದು ಹೋಯಿತು. ಅನ್ನಪೂರ್ಣಮ್ಮ ಏಳಲಿಲ್ಲ.

ಓದಿ ಮುಗಿದ ಮೇಲೆ ನಿಧಾನವಾಗಿ ಹೇಳಿದರು: "'ಕದಿಯಲು ಏನೂ ಇಲ್ಲದ ಮನೆಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುತ್ತಾಳೆ.' ಈ ಸಾಲು. ಇದು ಚೆನ್ನಾಗಿದೆ."

ಸ್ಪಂದನಾಳ ಕಣ್ಣು ತುಂಬಿತು. ಹಾಳೆ ಮಡಚಿಕೊಂಡು ಓಡಿಹೋಗಿ ತನ್ನ ಬಸ್ಸು ಹತ್ತಿದಳು. ನಿಮ್ಮ ಪದ್ಯ ಯಾಕೆ ಓದಲಿಲ್ಲ ಎಂದು ಅವಳೂ ಕೇಳಲಿಲ್ಲ. ಅನ್ನಪೂರ್ಣಮ್ಮನಿಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮನೆ ತಲುಪಿ ಬೀಗದ ಕೈಗಾಗಿ ಚೀಲಕ್ಕೆ ಕೈ ಹಾಕಿದಾಗ ಓದದೆ ಉಳಿದ ಹಾಳೆ ಬೆರಳಿಗೆ ತಗುಲಿತು. ತೆಗೆಯುವ ಮೊದಲು ಬೀಗವನ್ನು ಎರಡು ಸಲ ಎಳೆದು ನೋಡಿದರು.