ಏಳನೇ ನಂಬರಿನ ಹುಡುಗ

ಬರೈರೊ ಊರಿನ ಅದೆಲೀನೊ ಮೇಷ್ಟ್ರು ಮುಖ ನೋಡಿ ಯಾರನ್ನೂ ಗುರುತಿಟ್ಟುಕೊಂಡವರಲ್ಲ. ವಾರವಿಡೀ ರೈಲ್ವೆ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುವುದು, ಭಾನುವಾರ ಮಣ್ಣಿನ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ನಿಂತು ಹುಡುಗರ ಕಾಲು ನೋಡುವುದು, ಇಷ್ಟೇ ಅವರ ಬಾಳು. ನದಿಯಾಚೆ ಲಿಸ್ಬನ್ನಿನ ದೊಡ್ಡ ಕ್ಲಬ್ಬಿಗೆ ಹುಡುಗರನ್ನು ಆರಿಸಿ ಕೊಡುತ್ತಿದ್ದರು; ಅದಕ್ಕೇ ಊರಿಗೆ ಮೇಷ್ಟ್ರು. ಹೆಸರು ಕೇಳುವ ಅಭ್ಯಾಸವಿಲ್ಲ. ಬನಿಯನ್ನಿನ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಮುಗಿಯಿತು. ಆ ನಂಬರು ಯಾರದೆಂದು ಪಟ್ಟಿ ನೋಡಿ ಮನೆಗೆ ಪತ್ರ ಹಾಕುವುದು ಆಫೀಸಿನವರ ಕೆಲಸ.

ಹಾಗೆ ಒಂದು ಭಾನುವಾರ ಅವರು ಬರೆದದ್ದು ‘ಏಳು’ ಎಂದು. ಪತ್ರ ಹೋದದ್ದು ನೆಲಿಯೊ ಎಂಬ ಹುಡುಗನ ಮನೆಗೆ. ಆ ನೆಲಿಯೊ ಹದಿನೇಳಕ್ಕೇ ದೊಡ್ಡವರ ತಂಡ ಸೇರಿದ, ಸ್ಪೇನಿಗೆ ಹೋದ, ದೇಶದ ತಂಡದ ನಾಯಕನಾದ. ಊರಿನವರು ಮೇಷ್ಟ್ರನ್ನು ‘ಕಣ್ಣು’ ಎಂದೇ ಕರೆಯತೊಡಗಿದರು. ಕಾಫಿ ಅಂಗಡಿಯಲ್ಲಿ ಅವರಿಗೆಂದೇ ಒಂದು ಕುರ್ಚಿ ಇತ್ತು.

ಆದರೆ ಮೇಷ್ಟ್ರ ತಲೆಯೊಳಗೆ ಒಂದು ಗೋಜಲು. ಅವರು ಆರಿಸಿದ ಹುಡುಗ ಎಡಗಾಲಿನವನು. ತಿಂಗಳ ಮೇಲೆ ಲಿಸ್ಬನ್ನಿಗೆ ಹೋಗಿ ನೋಡಿದರೆ ನೆಲಿಯೊ ಬಲಗಾಲಿನವನು! ಅಷ್ಟರಲ್ಲಿ ಅಲ್ಲಿನವರೆಲ್ಲ ಹುಡುಗನನ್ನು ಹಾಡಿ ಹೊಗಳುತ್ತಿದ್ದರು. ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ನಾನೇ ತಪ್ಪು ನೋಡಿದೆನೇ? ಹಾಗಿದ್ದರೆ ಇಷ್ಟು ವರ್ಷ ನಾನು ಆರಿಸಿದವರೆಲ್ಲ ಕುರುಡು ಅದೃಷ್ಟವೇ? ಮೂವತ್ತು ವರ್ಷ ಇದೇ ಚಿಂತೆ. ಹೆಂಡತಿ ಫೆಲಿಸ್ಮೀನಳ ಹತ್ತಿರ ಒಮ್ಮೆ ಬಾಯಿಬಿಟ್ಟಾಗ ಅವಳು ಸಾರಿನ ಸೌಟು ಎತ್ತಿ, “ಊರೆಲ್ಲ ಹೊಗಳ್ತಿದೆ, ಸುಮ್ನೆ ಹೊಗಳಿಸ್ಕೊಳ್ರಿ. ಕಾಲು ಎಡದ್ದೋ ಬಲದ್ದೋ, ಯಾರ್ ಕೇಳ್ತಾರೆ?” ಎಂದಿದ್ದಳು.

ಈಗ ನೆಲಿಯೊ ಆಟ ನಿಲ್ಲಿಸಿ, ಊರಿನ ಹೊಸ ಮೈದಾನ ತೆರೆಯಲು ಬರುವವನಿದ್ದ. ಮೇಷ್ಟ್ರಿಗೆ ವೇದಿಕೆಯ ಮೇಲೆ ಸನ್ಮಾನ. ಬೆಳಿಗ್ಗೆ ಗಡ್ಡ ಹೆರೆಸಿಕೊಳ್ಳಲು ಜಸಿಂತೊನ ಅಂಗಡಿಗೆ ಹೋಗಿ ಕೂತರು.

“ಗೊತ್ತಾ ಮೇಷ್ಟ್ರೇ, ನೆಲಿಯೊನ ಆರಿಸಿದ್ರಲ್ಲ, ಆವತ್ತು ನಾನೂ ಆಡಿದ್ದೆ,” ಎಂದ ಜಸಿಂತೊ, ನೊರೆ ಹಚ್ಚುತ್ತ. “ನಿಮ್ಗೆ ನೆನಪಿರಲ್ಲ ಬಿಡಿ. ನೆಲಿಯೊಗೆ ಕೊಟ್ಟ ಬನಿಯನ್ ಮೊಣಕಾಲ್ಗಂಟ ಬರ್ತಿತ್ತು. ಅಳೋಕೇ ಶುರು ಮಾಡ್ದ. ಪಾಪ ಅಂತ ನನ್ ಇಪ್ಪತ್ತೆರಡು ಅವ್ನಿಗ್ ಕೊಟ್ಟು, ಅವ್ನ ಏಳು ನಾನ್ ಹಾಕ್ಕೊಂಡೆ. ನನ್ ಬನಿಯನ್ ಹಾಕ್ಕೊಂಡೇ ಅವ್ನು ದೊಡ್ ಮನುಷ್ಯ ಆದ, ನೋಡಿ!” ಎಂದು ತನ್ನ ಮಾತಿಗೆ ತಾನೇ ನಕ್ಕ.

ಮೇಷ್ಟ್ರು ಕನ್ನಡಿಯಲ್ಲಿ ಅವನ ಕತ್ತಿ ಹಿಡಿದ ಕೈ ನೋಡಿದರು. ಎಡಗೈ. ಕಣ್ಣು ತಪ್ಪಿರಲಿಲ್ಲ ಎಂಬ ಖುಷಿ ಉಕ್ಕಿತು, ಉಕ್ಕಿದ್ದಕ್ಕೆ ಅಲ್ಲೇ ನಾಚಿಕೆಯೂ ಆಯಿತು. ಹೇಳಿದರೆ ಇವನ ನೆಮ್ಮದಿ ಹಾಳು. ಹೇಳದಿದ್ದರೆ ಇವನದನ್ನು ನಾನು ಇನ್ನೊಮ್ಮೆ ನುಂಗಿದ ಹಾಗೆ. ಏನು ಮಾಡಬೇಕೆಂದು ಬಗೆಹರಿಯದೆ ಎದ್ದು ಬಂದರು.

ಸಂಜೆ ವೇದಿಕೆಯಲ್ಲಿ ನೆಲಿಯೊ ಅವರನ್ನು ತಬ್ಬಿಕೊಂಡ. ಮೈಕು ಮುಂದಿಟ್ಟು, “ಆವತ್ತು ಏನು ಕಂಡ್ರಿ, ಹೇಳಿ ಮೇಷ್ಟ್ರೇ,” ಎಂದ. ‘ಕಣ್ಣು ಹೇಳಿತು, ಕೈ ಬರೆಯಿತು’ ಎಂಬ ಹಳೆಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೂರನೇ ಸಾಲಿನಲ್ಲಿ ಜಸಿಂತೊ ಕೂತಿದ್ದ.

“ಗೋಲಿಗೆ ಬೆನ್ನು ಹಾಕಿ ನಿಂತಿದ್ದ,” ಎಂದರು ಮೇಷ್ಟ್ರು. “ಇಬ್ರು ಮೇಲೆ ಬಿದ್ರು. ಎಡಗಾಲಿನ ಅಡೀಲಿ ಚೆಂಡನ್ನ ಹಿಂದಕ್ಕೆ ಉರುಳಿಸಿ ತಿರುಗ್ಬಿಟ್ಟ. ಇಬ್ರೂ ಮಣ್ಣಲ್ಲಿ ಕೂತ್ರು. ಅಂಥ ಆಟ ನಾನು ಆಮೇಲೆ ನೋಡೇ ಇಲ್ಲ. ಆ ಹುಡುಗನ್ನ ಆರಿಸಿದ್ದೆ.”

“ಎಡಗಾಲಲ್ಲಿ ನಾನು ಬಸ್ಸೂ ಹತ್ತಲ್ಲ ಮೇಷ್ಟ್ರೇ!” ಎಂದ ನೆಲಿಯೊ. ಜನ ಬಿದ್ದು ಬಿದ್ದು ನಕ್ಕರು. ಮುದುಕನಿಗೆ ಅರಳುಮರಳು ಎಂದರು. ಫೆಲಿಸ್ಮೀನ ಸೆರಗಿಲ್ಲದ ಊರಿನವಳು, ಕೈಚೀಲದಿಂದಲೇ ಮುಖ ಮುಚ್ಚಿಕೊಂಡಳು. ಜಸಿಂತೊ ಮಾತ್ರ ನಗಲಿಲ್ಲ.

ಎಲ್ಲ ಮುಗಿದ ಮೇಲೆ ಅವನು ವೇದಿಕೆಯ ಮೆಟ್ಟಿಲ ಬಳಿ ಬಂದ.

“ಇಬ್ರೂ ಕೂತಿದ್ದು... ಅದನ್ನ ನೀವು ನೋಡಿದ್ರಾ?”

“ನೋಡ್ದೆ ಕಣೋ.”

“ಮನೇಲಿ ಹೇಳ್ದಾಗ ಅಪ್ಪ ಬೊಗಳೆ ಅಂದಿದ್ರು.” ಒಂದು ಹೆಜ್ಜೆ ಹತ್ತಿರ ಬಂದ. “ಹಾಗಾದ್ರೆ ಆ ಚೀಟೀಲಿ...”

“ನೀನೇ ಇದ್ದೆ.”

ಜಸಿಂತೊ ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ಕೂರಬೇಕೋ ಬಿಟ್ಟು ಹೋಗಬೇಕೋ ತಿಳಿಯದೆ ಮೇಷ್ಟ್ರು ನಿಂತೇ ಇದ್ದರು.

“ನೀವು ಲಿಸ್ಬನ್ನಿಗೆ ಹೋಗಿ ಅವ್ನ ಆಟ ನೋಡಿದ್ದು ಊರಿಗೇ ಗೊತ್ತು. ಆವತ್ತೇ ತಿಳಿದಿರ್ಬೇಕಲ್ಲ, ಇವ್ನಲ್ಲ ಅಂತ,” ಎಂದ ಅವನು ತಲೆ ಎತ್ತದೆ. “ಯಾರ್ನಾದ್ರೂ ಒಂದ್ ಮಾತು ಕೇಳ್ಬಾರ್ದಿತ್ತಾ ಮೇಷ್ಟ್ರೇ?”

ಮೇಷ್ಟ್ರಿಗೆ ಈಗ ಯಾವ ಗೊಂದಲವೂ ಉಳಿದಿರಲಿಲ್ಲ. ಕೇಳಬಹುದಿತ್ತು.